ಕೀ ಕೊಡುವ ಜನತಾ, ಕೈ ಆಡಿದರೆ ಓಡುವ ಸೈಕೋ

ಬ್ಯಾಟರಿ ಇಲ್ಲದ ವಾಚು ಬೇಕು, ದಿನಾ ಕಟ್ಟಬೇಕು, ಜಾಸ್ತಿ ದುಡ್ಡು ಹಾಕೋದು ಬೇಡ. ಹೀಗೆ ಕೇಳಿಕೊಂಡು ಬರುವವರಿಗೆ ನಾನು ಎರಡು ಹೆಸರು ಹೇಳುತ್ತೇನೆ: ಎಚ್‌ಎಂಟಿ ಜನತಾ, ಜಪಾನಿನ ಸೈಕೋ (Seiko) 5. ಎರಡರಲ್ಲಿ ಯಾವುದು ಅಂದರೆ, ಮೊದಲು ನಿಮ್ಮ ಕೈ ದಿನಕ್ಕೆ ಎಷ್ಟು ಆಡುತ್ತದೆ ಹೇಳಿ ಅನ್ನುತ್ತೇನೆ.

ಸೈಕೋ 5 ಆಟೋಮ್ಯಾಟಿಕ್. ಕೈ ಆಡಿದಂತೆ ಒಳಗಿನ ರೋಟರ್ ತಿರುಗಿ ಸ್ಪ್ರಿಂಗ್ ಸುತ್ತುತ್ತದೆ. ಪೂರ್ತಿ ಸುತ್ತಿದ್ದರೆ ಸುಮಾರು 40 ಗಂಟೆ ಓಡುತ್ತದೆ. ತುಮಕೂರು ಪಕ್ಕದ ವಸಂತನರಸಾಪುರದ ಫ್ಯಾಕ್ಟರಿಗಳಲ್ಲಿ ನಿಂತು ಕೆಲಸ ಮಾಡುವವರ ಕೈಯಲ್ಲಿ ಅದು ನಿಲ್ಲುವುದೇ ಇಲ್ಲ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರ ಕತೆ ಬೇರೆ, ಅವರ ಕೈಯಲ್ಲಿ ಸ್ಪ್ರಿಂಗ್ ಪೂರ್ತಿ ಸುತ್ತಿರುವುದಿಲ್ಲ. ಶನಿವಾರ ರಾತ್ರಿ ಬಿಚ್ಚಿಟ್ಟರೆ, ಸೋಮವಾರ ಬೆಂಗಳೂರು ರೈಲು ಹಿಡಿಯುವ ಹೊತ್ತಿಗೆ ನಿಂತಿರುತ್ತದೆ. ಒಳಗೆ 7ಎಸ್26 ಅನ್ನುವ ಮಷೀನು ಇರುವ ಹಳೇ ಮಾಡೆಲ್‌ಗಳಿಗೆ ಕೀ ಕೊಡಲು ಬರುವುದಿಲ್ಲ, ಅಲ್ಲಾಡಿಸಿಯೇ ಓಡಿಸಬೇಕು. 2019ರಲ್ಲಿ ಬಂದ 5 ಸ್ಪೋರ್ಟ್ಸ್‌ನ 4ಆರ್36 ಮಷೀನಿಗೆ ಕೀ ಕೊಡಬಹುದು.

ನಿಂತ ಮೇಲೆ ವಾರ, ತಾರೀಕು ಸರಿಮಾಡುವ ಕೆಲಸವೂ ಇದೆ. ಮುಳ್ಳು ರಾತ್ರಿ 9ರಿಂದ ಬೆಳಗಿನ ಜಾವ 4ರ ನಡುವೆ ಇದ್ದಾಗ ತಾರೀಕು ತಿರುಗಿಸಬೇಡಿ. ಆಗ ಒಳಗಿನ ಹಲ್ಲುಗಳು ತಾರೀಕಿನ ಚಕ್ರಕ್ಕೆ ಕಚ್ಚಿಕೊಂಡಿರುತ್ತವೆ, ಮುರಿಯಬಹುದು. ಮೊದಲು ಮುಳ್ಳನ್ನು 6ಕ್ಕೆ ತನ್ನಿ, ಆಮೇಲೆ ತಾರೀಕು ಬದಲಿಸಿ.

ಜನತಾದಲ್ಲಿ ಈ ರಗಳೆ ಇಲ್ಲ. ತಾರೀಕೇ ಇಲ್ಲ. 17 ಜ್ಯುವೆಲ್‌ಗಳ (ಸವೆತ ತಡೆಯುವ ಪುಟ್ಟ ಹರಳುಗಳ) ಸರಳ ಮಷೀನು, ಗಂಟೆಗೆ 18,000 ಬಡಿತ. ಬೆಳಗ್ಗೆ ಕಾಫಿ ಹೊತ್ತಿಗೆ ಕೀ ಕೊಡಿ, ಬಿಗಿಯಾದ ತಕ್ಷಣ ನಿಲ್ಲಿಸಿ. ದಿನಾ ಅದೇ ಹೊತ್ತಿಗೆ ಕೊಟ್ಟರೆ ಟೈಮೂ ಸ್ಥಿರವಾಗಿರುತ್ತದೆ. ಇಂಥ ಯಾವ ವಾಚಾದರೂ ದಿನಕ್ಕೆ ಹತ್ತಿಪ್ಪತ್ತು ಸೆಕೆಂಡು ಆಚೀಚೆ ಆದರೆ ದೋಷ ಅಲ್ಲ. ಇದ್ದಕ್ಕಿದ್ದಂತೆ ನಿಮಿಷಗಟ್ಟಲೆ ಮುಂದೆ ಓಡಿದರೆ ಮೊಬೈಲ್ ಕವರಿನ ಆಯಸ್ಕಾಂತ ತಗುಲಿದೆಯಾ ನೋಡಿ. ವಾಚಿಗೆ ಹತ್ತಿದ ಕಾಂತಗುಣ ತೆಗೆಯುವುದು ಕ್ಷಣದ ಕೆಲಸ.

ಜನತಾಕ್ಕೆ ನೀರು ಆಗುವುದಿಲ್ಲ. ಮಳೆಯಲ್ಲಿ ಬೈಕ್ ಓಡಿಸುವವರು, ತೋಟಕ್ಕೆ ನೀರು ಕಟ್ಟುವವರು ಸೈಕೋ ತಗೊಳ್ಳಿ. ಅದರ ಮೇಲೆ 30 ಮೀಟರ್ ಅಂತಿದ್ದರೂ ಈಜಬೇಡಿ, ಅದು ಕೈ ತೊಳೆಯುವಷ್ಟಕ್ಕೆ ಮಾತ್ರ. ಗಾಜೂ ಸೈಕೋದ್ದೇ ಗಟ್ಟಿ. ಜನತಾದ ಪ್ಲಾಸ್ಟಿಕ್ ಗಾಜು ಬೇಗ ಗೀಚುತ್ತದೆ, ಆದರೆ ಪಾಲಿಶ್ ಮಾಡಿದರೆ ಹೊಳೆಯುತ್ತದೆ.

ಮೇಜಿನ ಕೆಲಸದವರಿಗೆ, ಮೇಷ್ಟ್ರಿಗೆ ನಾನು ಜನತಾವನ್ನೇ ಹೇಳುತ್ತೇನೆ. 1978ರಲ್ಲಿ ತುಮಕೂರಿನಲ್ಲೇ ಎಚ್‌ಎಂಟಿ ವಾಚ್ ಕಾರ್ಖಾನೆ ಶುರುವಾಯಿತು. 2016ರಲ್ಲಿ ಕಂಪನಿಯ ವಾಚ್ ವಿಭಾಗವನ್ನೇ ಮುಚ್ಚಲು ತೀರ್ಮಾನವಾಯಿತು. ಆದರೂ ಇದರ ಮಷೀನು ಬಿಚ್ಚಿ ಗೊತ್ತಿರುವ ಕೈಗಳು ನಮ್ಮೂರಲ್ಲಿ ಇನ್ನೂ ಇವೆ. ಕೆಟ್ಟ ಜನತಾಗಳಿಂದ ಬಿಡಿಭಾಗ ತೆಗೆದು ಹಾಕಲೂಬಹುದು.

ಹಳೇದು ಕೊಳ್ಳುವಾಗ ಮಾತ್ರ ಹುಷಾರು. ಆನ್‌ಲೈನ್‌ನಲ್ಲಿ ಮಿರಮಿರ ಮಿಂಚುವ ಕಡುಬಣ್ಣದ ಡಯಲ್ ಕಂಡರೆ, ಬಹುತೇಕ ಅದು ಹೊಸದಾಗಿ ಬಣ್ಣ ಬಳಿದು ಅಕ್ಷರ ಬರೆಸಿದ್ದು. ಒಳಗೆ ಬೇರೆ ಬೇರೆ ವಾಚುಗಳ ಭಾಗ ಸೇರಿರಬಹುದು. ಡಯಲ್ ಸ್ವಲ್ಪ ಮಾಸಿದ್ದರೂ ಪರವಾಗಿಲ್ಲ, ಹಿಂದಿನ ಮುಚ್ಚಳ ತೆಗೆಸಿ ಮಷೀನು ನೋಡಿ. ತುಕ್ಕು ಕಂಡರೆ ಬೇಡ ಅನ್ನಿ. ಸರ್ವಿಸ್ ಖರ್ಚನ್ನೂ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ.