‘ಹಾಗೆ’ ಇರುವವರೆಗೆ: ಮನೋವೈದ್ಯರ ‘ಒಳನೋಟ’ ಎಂದರೇನು?

ಮನೋವೈದ್ಯಕೀಯ ವಿಭಾಗದಿಂದ ಮನೆಗೆ ಬಂದ ಫೈಲು ತಿರುವಿ ಹಾಕಿದವರ ಕಣ್ಣಿಗೆ ಒಂದು ಸಾಲು ಬಿದ್ದಿರುತ್ತದೆ: ‘ಇನ್‌ಸೈಟ್ 2/6’. ಸಾಗರದ ಕಡೆಯ ಒಬ್ಬ ತಂದೆ ಅದನ್ನು ನನಗೆ ತೋರಿಸಿ, “ಆರಕ್ಕೆ ಎರಡೇ ಬಂದಿದೆಯಲ್ಲ, ಫೇಲಾ?” ಎಂದು ಕೇಳಿದ್ದರು. ತಮಾಷೆಗೆ ಕೇಳಿದ್ದಲ್ಲ.

ಅದು ಅಂಕವಲ್ಲ, ತನ್ನ ಕಾಯಿಲೆಯನ್ನು ರೋಗಿ ಎಷ್ಟರಮಟ್ಟಿಗೆ ಗುರುತಿಸುತ್ತಾನೆ ಎಂದು ತೋರಿಸುವ ಮೆಟ್ಟಿಲು. ಒಂದನೆಯದರಲ್ಲಿ ‘ನನಗೇನೂ ಆಗಿಲ್ಲ’ ಎಂಬ ಪೂರಾ ನಿರಾಕರಣೆ. ಎರಡರಲ್ಲಿ ಒಳಗೊಳಗೆ ಸ್ವಲ್ಪ ಗೊತ್ತು, ಆದರೂ ಒಪ್ಪುವುದಿಲ್ಲ. ಮೂರರಲ್ಲಿ ಏನೋ ಆಗಿದೆ, ಆದರೆ ಅದಕ್ಕೆ ಹೊರಗಿನವರೇ ಕಾರಣ. ನಾಲ್ಕರಲ್ಲಿ ನನ್ನೊಳಗೇ ಏನೋ ಕೆಟ್ಟಿದೆ, ಏನೆಂದು ತಿಳಿಯದು. ಐದರಲ್ಲಿ ಕಾಯಿಲೆ ಎಂದು ಬುದ್ಧಿಗೆ ಗೊತ್ತು, ಬದುಕಿಗೆ ಇಳಿದಿಲ್ಲ. ಆರರಲ್ಲಿ ಗೊತ್ತಾದದ್ದು ನಡವಳಿಕೆಯನ್ನೂ ಬದಲಿಸಿರುತ್ತದೆ. ಸತ್ಯ ಹೇಳಬೇಕೆಂದರೆ ಸಕ್ಕರೆ ಕಾಯಿಲೆಯ ವಿಷಯದಲ್ಲಿ ನಮ್ಮಲ್ಲಿ ಬಹಳ ಜನ ಐದರಲ್ಲೇ ನಿಂತಿದ್ದೇವೆ.

ಈ ಇನ್‌ಸೈಟ್‌ಗೆ ಕನ್ನಡದಲ್ಲಿ ‘ಒಳನೋಟ’ ಎಂದು ಬರೆಯುವ ರೂಢಿ. ಸಾಹಿತ್ಯ ವಿಮರ್ಶೆಯಲ್ಲಿ ಆ ಪದ ಎಷ್ಟು ಸವೆದಿದೆಯೆಂದರೆ, ಆಸ್ಪತ್ರೆಯಲ್ಲಿ ಅದನ್ನು ಕೇಳಿದರೆ ಯಾರೋ ಕವಿತೆಯ ಬಗ್ಗೆ ಮಾತಾಡುತ್ತಿದ್ದಾರೆ ಅನ್ನಿಸುತ್ತದೆ. ‘ಅರಿವು’ ಎನ್ನೋಣವೆಂದರೆ ಅಲ್ಲಮನ ಬಳ್ಳಿಗಾವಿ ನಮ್ಮ ಜಿಲ್ಲೆಯದೇ. ಆ ಪದ ಅಲ್ಲಿಂದ ಬಹಳ ಭಾರ ಹೊತ್ತುಕೊಂಡು ಬರುತ್ತದೆ. ವೈದ್ಯರಿಗೆ ಬೇಕಾದದ್ದು ಅಷ್ಟು ದೊಡ್ಡದಲ್ಲ. ತನ್ನಲ್ಲಿ ಆಗಿರುವ ರೋಗದ ಬದಲಾವಣೆಯ ಬಗ್ಗೆ ಮನುಷ್ಯನಿಗಿರುವ ಸರಿಯಾದ ನಿಲುವು ಎಂದು 1934ರಲ್ಲಿ ಮನೋವೈದ್ಯ ಆಬ್ರಿ ಲೂಯಿಸ್ ಬರೆದರು. 1990ರಲ್ಲಿ ಇನ್ನೊಬ್ಬ ಮನೋವೈದ್ಯ ಆಂಟನಿ ಡೇವಿಡ್ ಅದನ್ನು ಮೂರು ಎಳೆಯಾಗಿ ಬಿಡಿಸಿದರು: ನನಗೆ ಕಾಯಿಲೆಯಿದೆ ಎಂದು ಗುರುತಿಸುವುದು, ಕೇಳಿಸುವ ದನಿಯೂ ಕಾಡುವ ಅನುಮಾನವೂ ಆ ಕಾಯಿಲೆಯದೇ ಎಂದು ತಿಳಿಯುವುದು, ಚಿಕಿತ್ಸೆಗೆ ಒಪ್ಪುವುದು. ಎಳೆ ಎಂದಿದ್ದಕ್ಕೆ ಕಾರಣವಿದೆ. ಒಂದು ಗಟ್ಟಿಯಾಗಿದ್ದು ಇನ್ನೊಂದು ಹರಿದಿರಬಹುದು. ‘ನನಗೇನೂ ಇಲ್ಲ, ಅಮ್ಮ ಬೇಜಾರು ಮಾಡ್ಕೋತಾಳೆ ಅಂತ ಮಾತ್ರೆ ತಗೋತೀನಿ’ ಅನ್ನುವವರು ಪ್ರತಿ ಊರಿನಲ್ಲೂ ಸಿಗುತ್ತಾರೆ.

ಇಷ್ಟು ಕಾಯಿಲೆ ಬಂದವರ ಮಾತಾಯಿತು. ನನಗೆ ಈ ಪದ ನಿಜಕ್ಕೂ ಮುಖ್ಯ ಅನ್ನಿಸುವುದು ಕಾಯಿಲೆಯ ಅಂಚಿನಲ್ಲಿ ಇರುವವರ ವಿಷಯದಲ್ಲಿ.

ಸೈಕೋಸಿಸ್, ಅಂದರೆ ಇಲ್ಲದ ದನಿ ಕೇಳಿಸಿ, ಇಲ್ಲದ್ದನ್ನು ನಂಬಿ, ನಿಜದ ಹಿಡಿತ ತಪ್ಪುವ ಚಿತ್ತವಿಕಲತೆ, ಇದ್ದಕ್ಕಿದ್ದಂತೆ ಬಂದೆರಗುವುದು ಕಡಿಮೆ. ಬಹುಪಾಲು ಜನರಲ್ಲಿ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಮೊದಲೇ ಸಣ್ಣಗೆ ಏನೋ ಶುರುವಾಗಿರುತ್ತದೆ. 1990ರ ದಶಕದಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಮನೋವೈದ್ಯರಾದ ಪ್ಯಾಟ್ರಿಕ್ ಮೆಕ್‌ಗೋರಿ, ಅಲಿಸನ್ ಯುಂಗ್ ಮತ್ತವರ ಸಂಗಡಿಗರು ಇಂಥವರಿಗೆಂದೇ ಕ್ಲಿನಿಕ್ ನಡೆಸಿ, ಯಾರನ್ನು ‘ಅಪಾಯದ ಅಂಚಿನವರು’ ಎನ್ನಬೇಕೆಂದು ಗೆರೆ ಎಳೆದರು. ಮಂದವಾದ ಲಕ್ಷಣಗಳು ಇರುವವರು. ಒಂದು ವಾರದೊಳಗೆ ಬಂದು ತಾನೇ ಇಳಿದುಹೋದ ಲಕ್ಷಣಗಳವರು. ಹತ್ತಿರದ ಸಂಬಂಧಿಕರಲ್ಲಿ ಕಾಯಿಲೆಯಿದ್ದು, ಈಚೆಗೆ ಓದು ಕೆಲಸಗಳಲ್ಲಿ ಎದ್ದು ಕಾಣುವಷ್ಟು ಕುಸಿದವರು. ಹೆಚ್ಚಿನವರು ಹದಿಹರೆಯ ದಾಟುತ್ತಿರುವವರು, ಇಪ್ಪತ್ತರ ಆಸುಪಾಸಿನವರು.

ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಿ. ಹೊಸನಗರದ ಕಡೆಯ ಹಳ್ಳಿ, ಶಿವಮೊಗ್ಗದಲ್ಲಿ ಬಿ.ಕಾಂ. ಎರಡನೇ ವರ್ಷ. ನಿದ್ದೆ ಕೆಟ್ಟಿದೆ, ಕಾಲೇಜಿಗೆ ಸರಿಯಾಗಿ ಹೋಗುತ್ತಿಲ್ಲ. ದೀಪಾವಳಿ ಕಳೆದು ಅಡಿಕೆ ಸುಗ್ಗಿ. ರಾತ್ರಿ ಅಂಗಳದಲ್ಲಿ ದೀಪ ಹಾಕಿಕೊಂಡು ಎಲ್ಲರೂ ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುತ್ತಿದ್ದಾರೆ. ಅವನು ತಲೆ ಎತ್ತುತ್ತಾನೆ.

“ಅಮ್ಮ, ಕರೆದ್ಯಾ?”

“ಇಲ್ವಲ್ಲ ಮಾರಾಯ.”

“ತೋಟದ ಕಡೆಯಿಂದ ಯಾರೋ ಹೆಸರು ಹಿಡಿದು ಕರೆದ ಹಾಗಾಯ್ತು.”

ಸುಲಿಯಲು ಬಂದ ಅಜ್ಜಿಯೊಬ್ಬಳು, ಮೂರು ಸಲ ಕರೆಯುವವರೆಗೆ ಓಗೊಡಬಾರದು ಅನ್ನುತ್ತಾಳೆ. ನಗುತ್ತಾರೆ. ಕೆಲಸ ಸಾಗುತ್ತದೆ.

ಕೆಲವು ವಾರ ಕಳೆದ ಮೇಲೆ ಅವನದೇ ಇನ್ನೊಂದು ಮಾತು: “ಬಸ್‌ಸ್ಟ್ಯಾಂಡಲ್ಲಿ ಎಲ್ಲರೂ ನನ್ನನ್ನೇ ನೋಡ್ತಿದ್ದಾರೇನೋ ಅನ್ನಿಸ್ತು. ಹಂಗೆಲ್ಲ ಇರಲ್ಲ ಅಂತ ಗೊತ್ತು, ಆದ್ರೂ...” ಇನ್ನೂ ಕೆಲವು ತಿಂಗಳಾದ ಮೇಲೆ: “ಕರೀತಾರೆ. ಯಾಕೆ ಅಂತ ನಂಗೊತ್ತು.”

ಮೂರು ವಾಕ್ಯಗಳನ್ನು ಮತ್ತೊಮ್ಮೆ ಓದಿ. ಮೊದಲನೆಯದರಲ್ಲಿ ‘ಹಾಗೆ’ ಇದೆ. ಎರಡನೆಯದರಲ್ಲಿ ‘ಏನೋ’ ಇದೆ, ‘ಅನ್ನಿಸ್ತು’ ಇದೆ, ‘ಆದ್ರೂ’ ಎಂದು ನಿಂತ ಬಾಯಿ ಇದೆ. ಮೂರನೆಯದರಲ್ಲಿ ಅವೆಲ್ಲ ಉದುರಿಹೋಗಿ ಬರೀ ಕ್ರಿಯಾಪದ ಉಳಿದಿದೆ. ಅಂಚಿನಲ್ಲಿರುವವರ ಒಳನೋಟವೆಂದು ವೈದ್ಯರು ಹುಡುಕುವುದು ಹೆಚ್ಚುಕಡಿಮೆ ಆ ಉದುರಿದ ಪದಗಳನ್ನೇ. ಅನುಭವ ವಿಚಿತ್ರವಾಗಿದೆ, ಆದರೆ ಅದರ ಮೇಲೆ ಅನುಮಾನ ಇನ್ನೂ ಬದುಕಿದೆ.

ಅಮೆರಿಕದ ಯೇಲ್‌ನಲ್ಲಿ ರೂಪುಗೊಂಡ ಸಂದರ್ಶನ ಪದ್ಧತಿಯಲ್ಲಿ ಇಂಥ ಒಂದೊಂದು ಅನುಭವಕ್ಕೂ 0ಯಿಂದ 6ರವರೆಗೆ ಅಳತೆಯಿದೆ. 3ರಿಂದ 5 ಅಂಚು. ಅಲುಗದ ನಂಬಿಕೆ ಬಂದುಬಿಟ್ಟರೆ 6, ಅದು ಸೈಕೋಸಿಸ್. (ಫೈಲಿನ 6 ಒಳ್ಳೆಯದು, ಇಲ್ಲಿನ 6 ಕೆಟ್ಟದ್ದು. ಅಪ್ಪಂದಿರು ತಲೆ ಕೆಡಿಸಿಕೊಳ್ಳುವುದರಲ್ಲಿ ತಪ್ಪೇನಿಲ್ಲ.) ಅಮೆರಿಕದ ಮನೋವೈದ್ಯರ ಸಂಘ ಹೊರತಂದ ರೋಗನಿರ್ಣಯದ ಕೈಪಿಡಿ, 2013ರ ಡಿಎಸ್‌ಎಂ-5, ಈ ಮಂದ ಸ್ಥಿತಿಯನ್ನು ಇನ್ನೂ ಅಧ್ಯಯನ ಆಗಬೇಕಾದವುಗಳ ಪಟ್ಟಿಯಲ್ಲಿ ಇಟ್ಟಿತು. ಅದರ ವಿವರಣೆಯಲ್ಲೂ ನಿಜ ಯಾವುದು, ಅನ್ನಿಸಿಕೆ ಯಾವುದು ಎಂದು ತೂಗುವ ಶಕ್ತಿ ಬಹುಮಟ್ಟಿಗೆ ಉಳಿದಿರಬೇಕು ಎಂಬ ಮಾತಿದೆ.

ಹಾಗಂತ ‘ಹಾಗೆ’ ಎಣಿಸುತ್ತ ಕೂತು ಮನೆಮಂದಿಯೇ ರೋಗ ನಿರ್ಧರಿಸುವುದು ಬೇಡ. ಕಣ್ಣಿಗೆ ನಿದ್ದೆ ಹತ್ತುವಾಗ ಹೆಸರು ಕರೆದಂತಾಗುವುದು ಆರೋಗ್ಯವಂತರಿಗೂ ಇದೆ. ತೀರಿಕೊಂಡ ಗಂಡನ ಕೆಮ್ಮು ಜಗಲಿಯಿಂದ ಕೇಳಿಸಿದ ಹೆಂಗಸರೂ ಇದ್ದಾರೆ. ಅದು ದುಃಖ, ಕಾಯಿಲೆಯಲ್ಲ. ಅಂಚಿನವರು ಎಂದು ತಜ್ಞರೇ ಗುರುತಿಸಿದವರಲ್ಲೂ ಮೂರು ವರ್ಷದೊಳಗೆ ಸೈಕೋಸಿಸ್‌ಗೆ ಜಾರುವವರು ಸುಮಾರು ನಾಲ್ಕರಲ್ಲಿ ಒಬ್ಬರು. ಉಳಿದ ಮೂವರು ಜಾರುವುದಿಲ್ಲ. ಆದ್ದರಿಂದಲೇ ಬ್ರಿಟನ್ನಿನಲ್ಲಿ ಚಿಕಿತ್ಸೆಯ ಬಗ್ಗೆ ಸಲಹೆ ಕೊಡುವ ನೈಸ್ ಸಂಸ್ಥೆಯ ಮಾರ್ಗಸೂಚಿ ಈ ಹಂತದಲ್ಲಿ, ತಡೆಯುವ ನೆಪದಲ್ಲಿ, ಸೈಕೋಸಿಸ್ ಮಾತ್ರೆ ಕೊಡಬೇಡಿ ಅನ್ನುತ್ತದೆ; ಆಲೋಚನೆಯ ಜಾಡನ್ನು ಪರೀಕ್ಷಿಸುವ ಮಾತಿನ ಚಿಕಿತ್ಸೆ, ಅಂದರೆ ಸಿಬಿಟಿ, ಕೊಡಿ ಅನ್ನುತ್ತದೆ. ಆ ಚಿಕಿತ್ಸೆ ನಿಂತಿರುವುದೇ ಉಳಿದ ಅನುಮಾನದ ಮೇಲೆ. ‘ನೋಡ್ತಿದ್ದಾರೇನೋ’ ಅನ್ನುವವನ ಜೊತೆ ಕೂತು, ಬೇರೆ ಏನಿರಬಹುದು ಎಂದು ಹುಡುಕಲು ಬರುತ್ತದೆ. ‘ನಂಗೊತ್ತು’ ಅನ್ನುವವನ ಜೊತೆ ಅದು ಬಹಳ ಕಷ್ಟ.

ಸಿಬಿಟಿಗೆ ಬುನಾದಿ ಹಾಕಿದ ಅಮೆರಿಕದ ಮನೋವೈದ್ಯ ಆರನ್ ಬೆಕ್ ಮತ್ತು ಸಂಗಡಿಗರು 2004ರಲ್ಲಿ ಈ ಭಾಗವನ್ನೇ ಬೇರೆ ಮಾಡಿ 15 ಪ್ರಶ್ನೆಗಳ ಅಳತೆಗೋಲು ತಯಾರಿಸಿದರು. ಕಾಯಿಲೆಯ ಹೆಸರು ಒಪ್ಪುತ್ತೀಯಾ ಎಂದು ಅದು ಕೇಳುವುದಿಲ್ಲ. ನಾನು ತಪ್ಪು ತಿಳಿದಿರಬಹುದು ಎಂದು ಹಿಂದೆ ಸರಿದು ನೋಡಬಲ್ಲೆಯಾ, ನನ್ನ ತೀರ್ಮಾನವೇ ಸರಿ ಎಂಬ ಖಾತ್ರಿ ನಿನಗೆಷ್ಟು, ಇವೆರಡನ್ನು ತೂಗುತ್ತದೆ. ಇದಕ್ಕೆ ‘ಅರಿವಿನ ಒಳನೋಟ’ ಎಂದು ಹೆಸರು.

ಇಲ್ಲಿ ಮಲೆನಾಡಿನ ಒಂದು ತೊಡಕು ಹೇಳಲೇಬೇಕು. ಆ ಹುಡುಗನ ಮನೆಯವರು ಮೊದಲು ಹೋಗುವುದು ಡಾಕ್ಟರ ಹತ್ತಿರವಲ್ಲ. ನಿಮಿತ್ತ ಕೇಳಿಸುತ್ತಾರೆ. ತೋಟದ ಮೂಲೆಯ ದೈವ ಚೌಡಿಗೆ ಏನೋ ತಪ್ಪಿದೆ ಎಂದು ಬರುತ್ತದೆ. ಕಾಯಿ ಒಡೆಸಿ, ಅಂತ್ರ, ಅಂದರೆ ತಾಯಿತ, ಕಟ್ಟಿಸುತ್ತಾರೆ. ಆಮೇಲೆ ಹುಡುಗ ಆಸ್ಪತ್ರೆಯಲ್ಲಿ ‘ಚೌಡಿ ಕಾಟ ಇರಬಹುದು’ ಅಂದರೆ ಒಳನೋಟದ ಮೆಟ್ಟಿಲಲ್ಲಿ ಮೂರಕ್ಕೆ ಇಳಿಸಬೇಕೇ? ಬೇಡ ಎಂದು ನನ್ನ ಲೆಕ್ಕ. ಅದು ಅವನೊಬ್ಬನಿಗೆ ಹೊಳೆದ ಕಾರಣವಲ್ಲ, ಊರೇ ಕೊಟ್ಟ ಕಾರಣ. ವೆಲ್ಲೂರಿನ ಕೆ.ಎಸ್. ಜೇಕಬ್ ಅವರಂಥ ಮನೋವೈದ್ಯರು ಇದನ್ನೇ ಬರೆದಿದ್ದಾರೆ: ರೋಗದ ಪಾಶ್ಚಾತ್ಯ ಹೆಸರನ್ನು ಒಪ್ಪದಿದ್ದ ಮಾತ್ರಕ್ಕೆ ಒಳನೋಟ ಇಲ್ಲವೆನ್ನಲಾಗದು, ಅದನ್ನು ಅವರವರ ಸಂಸ್ಕೃತಿಯೊಳಗಿಟ್ಟು ನೋಡಬೇಕು. ‘ನಾನು ಮೊದಲಿನ ಹಾಗಿಲ್ಲ, ಏನಾದರೂ ಮಾಡಿ’ ಎಂಬಷ್ಟು ಬಾಯಲ್ಲಿ ಬಂದರೆ ಕೈಯಲ್ಲಿ ಅಂತ್ರ ಇದ್ದರೂ ನಡೆಯುತ್ತದೆ. ಅಂತ್ರ ಬಿಚ್ಚಿ ಬಾ ಎಂದು ಹಟ ಹಿಡಿದ ವೈದ್ಯರಿಗಿಂತ, ಅದು ಇರಲಿ ಇದೂ ಇರಲಿ ಅಂದವರ ಬಳಿಗೇ ಜನ ಮತ್ತೆ ಹೋಗಿದ್ದನ್ನು ಕಂಡಿದ್ದೇನೆ.

ಒಳನೋಟ ಹೆಚ್ಚಿದಷ್ಟೂ ಒಳ್ಳೆಯದು ಎಂದೂ ಇಲ್ಲ. ತನಗೇನಾಗುತ್ತಿದೆ ಎಂದು ಚೆನ್ನಾಗಿ ತಿಳಿದವರಲ್ಲಿ ಖಿನ್ನತೆ, ನಾಚಿಕೆ ಹೆಚ್ಚು ಕಾಣುತ್ತದೆ; ಸಂಶೋಧಕರು ಇದನ್ನು ಒಳನೋಟದ ವಿರೋಧಾಭಾಸ ಅನ್ನುತ್ತಾರೆ. ನಮ್ಮ ಹುಡುಗ ಅಂಗಳದಲ್ಲಿ ಎಲ್ಲರೆದುರು ಹೇಳಿದ್ದನ್ನು ಆಮೇಲೆ ತಿಂಗಳುಗಟ್ಟಲೆ ಹೇಳದೆ ನುಂಗಿಕೊಂಡದ್ದೂ ಅದಕ್ಕೇ ಇರಬಹುದು. ‘ತಲೆ ಕೆಟ್ಟಿದೆ ಅಂತಾರೆ’ ಎಂಬ ಹೆದರಿಕೆ ಅವನಲ್ಲಿ ಒಳನೋಟ ಇರುವುದರಿಂದಲೇ ಹುಟ್ಟಿದ್ದು. ಮನೆಯವರು ಬೈದರೆ ಅವನು ಹೇಳುವುದನ್ನು ನಿಲ್ಲಿಸುತ್ತಾನೆ, ಕೇಳಿಸುವುದು ನಿಲ್ಲುವುದಿಲ್ಲ. ಅಮ್ಮ ಅಂದ ‘ಇಲ್ವಲ್ಲ ಮಾರಾಯ’ ಸಾಕಾಗಿತ್ತು: ಸುಳ್ಳೂ ಹೇಳಲಿಲ್ಲ, ಗದರಲೂ ಇಲ್ಲ.

ಕಾಯಿಲೆ ಬಂದ ಮೇಲಿನ ಮಾತಿಗೆ ದೂರ ಹೋಗಬೇಕಿಲ್ಲ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನ ವೈದ್ಯರು 2005ರ ಸುಮಾರಿನಿಂದ ಸ್ಕಿಜೋಫ್ರೇನಿಯಾ, ಅಂದರೆ ದೀರ್ಘಕಾಲ ಕಾಡುವ ಒಂದು ಬಗೆಯ ಸೈಕೋಸಿಸ್ ಕಾಯಿಲೆ, ಇರುವವರನ್ನು ಹಳ್ಳಿಗಳಲ್ಲೇ ಹುಡುಕಿ, ಚಿಕಿತ್ಸೆಗೆ ತಂದು, ಅವರ ಸ್ಥಿತಿಯನ್ನು ಅಧ್ಯಯನ ಮಾಡುತ್ತ ಬಂದಿದ್ದಾರೆ. ಔಷಧಿ ಪಡೆದವರ ದಿನನಿತ್ಯದ ಬದುಕು ಪಡೆಯದವರಿಗಿಂತ ಸುಧಾರಿಸಿದ್ದು ಅಲ್ಲಿ ಕಂಡಿತು.

ಅಂಚಿನಲ್ಲಿದ್ದಾಗಲೇ ಹೋಗುವುದಾದರೆ, ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ದಿನ ಮಂಗಳವಾರ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ದಿನವಿಡೀ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಹೋಗುವಾಗ ‘ಭ್ರಮೆ’, ‘ಭ್ರಾಂತಿ’ ಎಂಬ ಪುಸ್ತಕದ ಪದ ಬೇಡ. ಹುಡುಗ ಆಡಿದ ಮಾತನ್ನು ಅವನ ಬಾಯಲ್ಲಿ ಬಂದ ಹಾಗೇ, ‘ಏನೋ’ ಬಿಡದೆ ‘ಆದ್ರೂ’ ಬಿಡದೆ, ತಾರೀಖು ಹಾಕಿ ಚೀಟಿಯಲ್ಲಿ ಬರೆದುಕೊಂಡು ಹೋಗಿ.