ನೆನೆದ ರಂಜಕ: ಮಳೆಯ ಮುಂದೆ ಚಕಮಕಿ ಕೋವಿ

1841ರ ಮೇ 30ರಂದು, ಬ್ರಿಟನ್ನಿಗೂ ಚೀನಾಕ್ಕೂ ನಡೆದ ಮೊದಲನೆಯ ಅಫೀಮು ಯುದ್ಧದ ನಡುವೆ, ಚೀನಾದ ಕ್ಯಾಂಟನ್ ನಗರದ ಹೊರಗಿರುವ ಸಾನ್‌ಯುವಾನ್‌ಲಿಯ ಬಳಿ ಗುಡುಗಿನೊಡನೆ ಮಳೆ ಸುರಿಯಿತು. ಮದ್ರಾಸಿನ 37ನೇ ದೇಶೀ ಪದಾತಿದಳದ ಸುಮಾರು 60 ಸಿಪಾಯಿಗಳು ಬ್ರಿಟಿಷರ ಮುಖ್ಯ ಸೇನೆಯಿಂದ ಬೇರ್ಪಟ್ಟು, ನೀರು ನಿಂತ ಭತ್ತದ ಗದ್ದೆಗಳಲ್ಲಿ ಈಟಿ ಹಿಡಿದ ಹಳ್ಳಿಗರ ದೊಡ್ಡ ಗುಂಪಿಗೆ ಸಿಕ್ಕಿಕೊಂಡರು. ಅವರ ಕೈಯಲ್ಲಿದ್ದ ಚಕಮಕಿ ಕೋವಿಗಳು ಹಾರಲಿಲ್ಲ. ಚೌಕಾಕಾರವಾಗಿ ನಿಂತು ಬಯೊನೆಟ್ಟುಗಳಿಂದಲೇ ಅವರು ಪ್ರಾಣ ಉಳಿಸಿಕೊಳ್ಳಬೇಕಾಯಿತು.

ಈ ಕೋವಿಯ ರೂಪ 17ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನಲ್ಲಿ ಸಿದ್ಧವಾಯಿತು. ಅದರ ಶ್ರೇಯ ಸಾಮಾನ್ಯವಾಗಿ ಮಾರಿನ್ ಲೆ ಬೂರ್ಜ್ವಾ ಎಂಬ ಕುಶಲಕರ್ಮಿಗೆ ಸಲ್ಲುತ್ತದೆ. ನಳಿಗೆಯ ಬುಡದಲ್ಲಿ ಸಣ್ಣ ತೂತು, ಅದರ ಪಕ್ಕದಲ್ಲಿ ಪುಟ್ಟ ಬಟ್ಟಲು, ಬಟ್ಟಲಲ್ಲಿ ಒಂದು ಚಿಟಿಕೆ ರಂಜಕ, ಅಂದರೆ ಕಿಡಿಗೆ ಹೊತ್ತಿಕೊಂಡು ತೂತಿನ ಮೂಲಕ ನಳಿಗೆಯೊಳಗಿನ ಮದ್ದಿಗೆ ಬೆಂಕಿ ಮುಟ್ಟಿಸುವ ಪುಡಿ. ಚಕಮಕಿ ಕಲ್ಲನ್ನು ಕಚ್ಚಿಕೊಂಡ ‘ಕುದುರೆ’ (ಕೋವಿಯ ಸುತ್ತಿಗೆ) ಉಕ್ಕಿನ ತಗಡಿಗೆ ಬಡಿದಾಗ ಕಿಡಿ ಹಾರುತ್ತದೆ, ಬಟ್ಟಲಿಗೆ ಮುಚ್ಚಳವೂ ಆಗಿರುವ ಆ ತಗಡು ಅದೇ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಉರಿಯುವ ಬತ್ತಿಯನ್ನು ಮಳೆಯಿಂದ ಕಾಯಬೇಕಿದ್ದ ಬತ್ತಿಕೋವಿಗಿಂತ ಇದು ಎಷ್ಟೋ ಮೇಲಾಗಿತ್ತು. ಆದರೂ ಮುಚ್ಚಳಕ್ಕೂ ಬಟ್ಟಲಿಗೂ ನಡುವೆ ಕೂದಲೆಳೆಯಷ್ಟು ಸಂದು ಉಳಿಯುತ್ತಿತ್ತು. ನಳಿಗೆಯ ಮೇಲೆ ಇಳಿದ ನೀರಿಗೆ ಅಷ್ಟು ಸಾಕು.

ಮಳೆಯೇ ಬರಬೇಕೆಂದಿಲ್ಲ, ತೇವದ ಗಾಳಿಯೂ ಪುಡಿಯನ್ನು ಕೆಡಿಸುತ್ತದೆ. ಕಪ್ಪು ಮದ್ದಿನಲ್ಲಿ ಸುಮಾರು 75 ಪಾಲು ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್), 15 ಪಾಲು ಇದ್ದಿಲು, 10 ಪಾಲು ಗಂಧಕ ಇರುತ್ತವೆ. ಶುದ್ಧ ಪೆಟ್ಲುಪ್ಪು ಸುಲಭವಾಗಿ ತೇವ ಹೀರುವುದಿಲ್ಲ. ಸರಿಯಾಗಿ ಶೋಧಿಸದೆ ಉಳಿದ ಇತರ ಲವಣಗಳೂ ಇದ್ದಿಲೂ ಹೀರುತ್ತವೆ. ಇದಕ್ಕಿಂತ ದೊಡ್ಡ ಶತ್ರು ಸುಟ್ಟುಳಿದ ಮಸಿ. ಮದ್ದಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಉರಿದ ಮೇಲೂ ಘನರೂಪದಲ್ಲಿ ಉಳಿಯುತ್ತದೆ, ತೇವದ ದಿನ ಅದು ಗಾಳಿಯ ನೀರನ್ನು ಎಳೆದುಕೊಂಡು ಬಟ್ಟಲಿನಲ್ಲಿ ಕರಿ ಕೆಸರಾಗುತ್ತದೆ. ಅದರ ಮೇಲೆ ಸುರಿದ ಹೊಸ ರಂಜಕ ಬೇಗನೆ ನೆನೆಯುತ್ತದೆ. ಆದ್ದರಿಂದ ಎಷ್ಟೇ ಒಳ್ಳೆಯ ಪುಡಿಗಿಂತಲೂ ಪ್ರತಿ ಈಡಿನ ನಂತರ ಬಟ್ಟಲನ್ನು ಒಣಬಟ್ಟೆಯಿಂದ ಒರೆಸುವ ಅಭ್ಯಾಸವೇ ಹೆಚ್ಚು ಬೆಲೆಯುಳ್ಳದ್ದು ಎಂದು ನನ್ನ ಭಾವನೆ.

ಬೇಟೆಗಾರರೂ ಸೈನಿಕರೂ ಮುಚ್ಚಳದ ಸಂದಿಗೆ ಮೇಣವನ್ನೋ ಕೊಬ್ಬನ್ನೋ ಬಳಿಯುತ್ತಿದ್ದರು, ಎಣ್ಣೆ ಹಚ್ಚಿದ ತೊಗಲಿನ ಹೊದಿಕೆ ಕಟ್ಟುತ್ತಿದ್ದರು, ನಳಿಗೆಯ ಬಾಯಿಗೆ ಬಿರಡೆ ಹಾಕಿ ಕೋವಿಯ ಬುಡವನ್ನು ಕಂಕುಳಲ್ಲಿ ಅವುಚಿಕೊಂಡು ನಡೆಯುತ್ತಿದ್ದರು. ಫಿರಂಗಿಗಳಿಗೂ ಇದೇ ಕಷ್ಟವಿತ್ತು. 1757ರ ಜೂನ್ 23ರಂದು ಬಂಗಾಳದ ಪ್ಲಾಸಿಯ ಕದನದಲ್ಲಿ ಮಳೆ ಬಂದಾಗ ಈಸ್ಟ್ ಇಂಡಿಯಾ ಕಂಪನಿಯ ಸೇನೆ ಮದ್ದಿಗೆ ಟಾರ್ಪಾಲು ಹೊದಿಸಿತು, ಬಂಗಾಳದ ನವಾಬನ ಸೇನೆಯ ಮದ್ದು ನೆನೆಯಿತು. ಎದುರಾಳಿಯದೂ ನೆನೆದಿರಬೇಕೆಂದು ನುಗ್ಗಿದ ನವಾಬನ ಸೇನಾನಿ ಮೀರ್ ಮದನ್ ಗುಂಡಿನ ಮಳೆಗೆ ಬಲಿಯಾದನು.

ಪರಿಹಾರ ಬಂದದ್ದು ಬಟ್ಟಲನ್ನೇ ಕೈಬಿಟ್ಟಾಗ. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್, ಪೆಟ್ಟು ಬಿದ್ದರೆ ಸಿಡಿಯುವ ರಾಸಾಯನಿಕವನ್ನು ಬಳಸುವ ವಿಧಾನಕ್ಕೆ 1807ರಲ್ಲಿ ಪೇಟೆಂಟ್ ಪಡೆದರು. ಮುಂದೆ ಅದು ತಾಮ್ರದ ಪುಟ್ಟ ಟೋಪಿಯೊಳಗೆ ಸೇರಿತು. ನಮ್ಮ ಮಲೆನಾಡಿನ ‘ಕೇಪಿನ ಕೋವಿ’ಯ ಕೇಪು ಇದೇ. 1834ರಲ್ಲಿ ಇಂಗ್ಲೆಂಡಿನ ವುಲ್‌ವಿಚ್‌ನಲ್ಲಿ ಎರಡೂ ಬಗೆಯ ಕೋವಿಗಳಿಂದ ತಲಾ 6,000 ಸುತ್ತು ಹಾರಿಸಿ ನೋಡಿದಾಗ, ಚಕಮಕಿಯದು ಸರಾಸರಿ ಆರೂವರೆ ಸುತ್ತಿಗೊಮ್ಮೆ ಕೈಕೊಟ್ಟರೆ ಕೇಪಿನದು 166 ಸುತ್ತಿಗೊಮ್ಮೆ ಮಾತ್ರ ಕೈಕೊಟ್ಟಿತು.

ಏಳು ವರ್ಷಗಳ ನಂತರವೂ ಮದ್ರಾಸಿನ ಸಿಪಾಯಿಗಳ ಹೆಗಲಲ್ಲಿ ಹಳೆಯ ಕೋವಿಯೇ ಇತ್ತು. ಕತ್ತಲಲ್ಲಿ ಅವರನ್ನು ಹುಡುಕಿ ಬಿಡಿಸಿಕೊಂಡು ಬಂದ ಎರಡು ಮರೀನ್ (ನೌಕಾಪಡೆಯ ಸೈನಿಕರ) ತುಕಡಿಗಳ ಕೈಯಲ್ಲಿದ್ದದ್ದು ಕೇಪಿನ ಕೋವಿ. ಅದೇ ಮಳೆಯಲ್ಲಿ ನೆನೆದರೂ ಅದು ಹಾರಿತು.