ಮಾಸು ಬಿದ್ದ ಮೇಲೆ

ಮಗು ಅತ್ತ ಕೂಡಲೇ ಕೋಣೆಯಲ್ಲಿದ್ದವರೆಲ್ಲ ಅದರ ಕಡೆ ತಿರುಗುತ್ತಾರೆ. ಪಳಗಿದ ಸೂಲಗಿತ್ತಿಯ ಒಂದು ಕೈ ಮಾತ್ರ ತಾಯಿಯ ಹೊಟ್ಟೆ ಬಿಟ್ಟು ಕದಲುವುದಿಲ್ಲ. ಮಾಸು ಬಿದ್ದ ಮೇಲೆ ಹೊಕ್ಕುಳಿನ ಆಸುಪಾಸು ಗರ್ಭಕೋಶ ಗಟ್ಟಿ ಚೆಂಡಿನಂತೆ ಕೈಗೆ ಸಿಕ್ಕರೆ ಆಕೆಗೆ ನೆಮ್ಮದಿ. ನೆನೆದ ಹತ್ತಿಯಂತೆ ಮೆತ್ತಗಿದ್ದರೆ ಎದೆ ಧಸಕ್ಕೆನ್ನುತ್ತದೆ. ಮನೆಹೆರಿಗೆಯ ಪರ ಮಾತಾಡುವವರೂ ಸರಿ, ವಿರೋಧಿಸುವವರೂ ಸರಿ, ಈ ಕೈಯನ್ನು ಮರೆತೇಬಿಡುತ್ತಾರೆ ಎಂಬುದು ನನ್ನ ತಕರಾರು.

ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಸುಮಾರು 500ರಿಂದ 700 ಮಿಲಿಲೀಟರ್ ರಕ್ತ ಹರಿಯುತ್ತಿರುತ್ತದೆ. ಮಾಸು ಕಳಚಿಕೊಂಡಾಗ ಅದರ ಹಿಂದಿದ್ದ ರಕ್ತನಾಳಗಳ ಬಾಯಿ ತೆರೆದೇ ಉಳಿಯುತ್ತದೆ. ಬೆರಳು ಕೊಯ್ದರೆ ರಕ್ತ ಹೆಪ್ಪುಗಟ್ಟಿ ನಿಲ್ಲುತ್ತದಲ್ಲ, ಇಲ್ಲಿ ಅಷ್ಟು ಪುರುಸೊತ್ತಿಲ್ಲ. ಗರ್ಭಕೋಶದ ಸ್ನಾಯು ಬೇರೆಯೇ ಉಪಾಯ ಮಾಡುತ್ತದೆ. ಅದರ ಎಳೆಗಳು ಬುಟ್ಟಿ ಹೆಣೆದಂತೆ ಒಂದರ ಮೇಲೊಂದು ಅಡ್ಡ ಹಾಯ್ದಿರುತ್ತವೆ, ನಾಳಗಳು ಅವುಗಳ ಸಂದಿಯಲ್ಲೇ ನುಸುಳಿ ಬರುತ್ತವೆ. ಸ್ನಾಯು ಮುದುಡಿತೋ, ನಾಳಗಳು ಹಿಸುಕಿ ಮುಚ್ಚಿಕೊಳ್ಳುತ್ತವೆ. ಲಾಡಿ ಎಳೆದರೆ ಚೀಲದ ಬಾಯಿ ಮುಚ್ಚುವ ಹಾಗೆ. ನೀರಿನ ಪೈಪನ್ನು ಮಡಚಿ ಹಿಡಿದ ಹಾಗೆ ಎಂದರೂ ನಡೆದೀತು, ಆದರೆ ನನಗೆ ಲಾಡಿಯೇ ಇಷ್ಟ. ಒಂದಲ್ಲ, ಲೆಕ್ಕವಿಲ್ಲದಷ್ಟು ಲಾಡಿಗಳು, ಎಲ್ಲವೂ ಒಟ್ಟಿಗೆ.

ಈ ಲಾಡಿಗಳನ್ನು ಎಳೆಯುವುದು ಆಕ್ಸಿಟೋಸಿನ್ ಎಂಬ ಹಾರ್ಮೋನು, ಒಂಬತ್ತೇ ಅಮೈನೋ ಆಮ್ಲಗಳ ಪುಟ್ಟ ಸರ. ಅದನ್ನು ರಕ್ತಕ್ಕೆ ಬಿಡುವ, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಸಾರ ಕೊಟ್ಟರೆ ಗಬ್ಬದ ಬೆಕ್ಕಿನ ಗರ್ಭಕೋಶ ಮುದುಡುತ್ತದೆ ಎಂದು 1906ರಲ್ಲಿ ತೋರಿಸಿದವನು ಹೆನ್ರಿ ಡೇಲ್. ಆ ಅಣುವನ್ನು ಪ್ರಯೋಗಶಾಲೆಯಲ್ಲಿ ಕಟ್ಟಿದ ವಿನ್ಸೆಂಟ್ ದು ವಿನ್ಯೋಗೆ 1955ರ ರಸಾಯನಶಾಸ್ತ್ರದ ನೊಬೆಲ್ ಬಂತು. ಅವರಿಬ್ಬರೂ ಹುಟ್ಟುವ ಎಷ್ಟೋ ಕಾಲ ಮೊದಲೇ ಸೂಲಗಿತ್ತಿಯರು ಈ ಅಣುವಿನ ಜೊತೆ ಕೆಲಸ ಮಾಡುತ್ತಿದ್ದರು, ಹೆಸರು ಗೊತ್ತಿರಲಿಲ್ಲ ಅಷ್ಟೆ.

“ಬರೀ ಹೊಟ್ಟೆಯನ್ನಲ್ಲ, ಇಡೀ ಹೆಂಗಸನ್ನು ನೋಡಬೇಕು” ಎಂಬ ಸೂಲಗಿತ್ತಿಯರ ತತ್ವ ಕೇಳಲು ಭಾವುಕವಾಗಿದೆ, ಒಳಗಿರುವುದು ಗಟ್ಟಿ ಶರೀರಶಾಸ್ತ್ರ. ಮಗು ಮೊಲೆ ಚೀಪಿದಾಗ ಆಕ್ಸಿಟೋಸಿನ್ ಸುರಿಯುತ್ತದೆ, ಗರ್ಭಕೋಶ ಬಿಗಿಯುತ್ತದೆ. ಹಾಲೂಡಿಸುವಾಗ ಕಿಬ್ಬೊಟ್ಟೆ ಹಿಂಡಿದಂತಾಗುವುದು ಅದಕ್ಕೇ. ಭಯವಾದರೆ ಏರುವ ಅಡ್ರಿನಲಿನ್ ಅದೇ ಸ್ನಾಯುವನ್ನು ಸಡಿಲಿಸುತ್ತದೆ, ಹಾಗಾಗಿ ಮಂದ ಬೆಳಕು, ಮೆಲುದನಿ, ಪರಿಚಿತ ಮುಖ. ಇನ್ನು “ಮೂತ್ರಕ್ಕೆ ಹೋಗಿದ್ಯೇನಮ್ಮ?” ಎಂಬ ಆ ಮಾಮೂಲಿ ಪ್ರಶ್ನೆ! ತುಂಬಿದ ಮೂತ್ರಕೋಶ ಗರ್ಭಕೋಶವನ್ನು ಮೇಲಕ್ಕೆ, ಪಕ್ಕಕ್ಕೆ ತಳ್ಳಿ ಮುದುಡಲು ಬಿಡುವುದಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ಬಾಣಂತಿಗೆ ನೀರು ಕೊಡಬಾರದು, ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಬೇಕು ಎನ್ನುವವರನ್ನು ಕಂಡರೆ ನನಗೆ ತಾಳ್ಮೆ ತಪ್ಪುತ್ತದೆ.

ಎಲ್ಲವನ್ನೂ ಪ್ರಕೃತಿಗೇ ಬಿಡಿ ಎನ್ನುವವರನ್ನು ಕಂಡರೂ ಅಷ್ಟೇ. ಕೆಲವೊಮ್ಮೆ ಲಾಡಿ ಬಿಗಿಯುವುದೇ ಇಲ್ಲ, ಯಾವ ಮುನ್ಸೂಚನೆಯೂ ಇಲ್ಲದವರಲ್ಲೂ. ಹೋದ ರಕ್ತ 500 ಮಿಲಿಲೀಟರ್ ದಾಟಿದರೆ ಅದನ್ನು ಅತಿಸ್ರಾವ ಎನ್ನುತ್ತಾರೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಪ್ರತಿ ಹೆರಿಗೆಯಲ್ಲೂ 10 ಯೂನಿಟ್ ಆಕ್ಸಿಟೋಸಿನ್ ಕೊಡಲು ಹೇಳುವುದು. ಆ ಔಷಧವನ್ನೋ ತಣ್ಣಗೆ ಇಡಬೇಕು, ಅಂದರೆ ಸೂಲಗಿತ್ತಿಯ ಚೀಲದ ಜೊತೆ ಐಸ್ ಪೆಟ್ಟಿಗೆಯೂ ಬೇಕು, ಹೊರಗೆ ವಾಹನವೂ ಬೇಕು. ಇಂಗ್ಲೆಂಡಿನಲ್ಲಿ 2011ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಮನೆಯಲ್ಲಿ ಚೊಚ್ಚಲ ಹೆರಿಗೆಗೆ ತಯಾರಾದವರ ಪೈಕಿ 45 ಶೇಕಡಾ ಮಂದಿಯನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಅವರ ಶಿಶುಗಳಿಗೆ ಅಪಾಯವೂ ಹೆಚ್ಚು: ಸಾವು ಇಲ್ಲವೇ ಗಂಭೀರ ತೊಂದರೆ ಆಸ್ಪತ್ರೆಯಲ್ಲಿ ಸಾವಿರಕ್ಕೆ 5.3 ಇದ್ದದ್ದು ಮನೆಯಲ್ಲಿ 9.3. ಮೊದಲೇ ಹೆತ್ತವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಇದೂ ತರಬೇತಾದ ಸೂಲಗಿತ್ತಿಯರು, ಆಂಬುಲೆನ್ಸ್ ಎರಡೂ ಇರುವ ಕಡೆಯ ಲೆಕ್ಕ.

ಮಾರನೆಯ ದಿನದಿಂದ ಗರ್ಭಕೋಶ ಎಷ್ಟು ಇಳಿದಿದೆ ಎಂದು ಸೂಲಗಿತ್ತಿ ಬೆರಳಿನಲ್ಲೇ ಅಳೆಯುತ್ತಾಳೆ. ಹೊಕ್ಕುಳಿಗಿಂತ ಒಂದು ಬೆರಳು ಕೆಳಗೆ, ಎರಡು ಬೆರಳು ಕೆಳಗೆ, ದಿನಕ್ಕೆ ಹೆಚ್ಚುಕಡಿಮೆ ಒಂದರಂತೆ. ಎರಡು ವಾರದ ಹೊತ್ತಿಗೆ ಒಂದು ಬೆಳಿಗ್ಗೆ ಒತ್ತಿ ನೋಡಿದರೆ ಗರ್ಭಕೋಶ ಕೈಗೇ ಸಿಗುವುದಿಲ್ಲ, ಕಿಬ್ಬೊಟ್ಟೆಯ ಮೂಳೆಯ ಹಿಂದೆ ಇಳಿದಿರುತ್ತದೆ.